ಬಾಯಿಪಾಠದ ಕಣ್ಣು

ಕನ್ನಡಕದ ಅಂಗಡಿಯ ಬಾಗಿಲೆತ್ತಿ, ದೀಪ ಹಾಕಿ, ಒಳಗಿನ ಪರೀಕ್ಷೆಯ ಕೋಣೆಗೆ ಹೋಗಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಅವನು ಎಂದಿನಂತೆ ಕೊನೆಯ ಸಾಲು ಓದಿದ. ಟ, ನ, ಗ, ದ, ರ, ಪ, ವ. ಬಲಗಣ್ಣು ಮುಚ್ಚಿಕೊಂಡು ಮತ್ತೆ ಓದಿದ. ಟ, ನ, ಗ, ದ, ರ, ಪ, ವ. ಒಂದಕ್ಷರವೂ ತಪ್ಪಲಿಲ್ಲ. ತಪ್ಪುವುದಾದರೂ ಹೇಗೆ? ಕೋಣೆ ಚಿಕ್ಕದೆಂದು ಅಕ್ಷರದ ಹಲಗೆಯನ್ನು ಗಿರಾಕಿಯ ತಲೆಯ ಹಿಂದೆ ತಿರುಗುಮುರುಗಾಗಿ ನೇತುಹಾಕಿ, ಎದುರಿನ ಕನ್ನಡಿಯಲ್ಲಿ ಅದರ ಬಿಂಬ ಓದಿಸುವ ಏರ್ಪಾಡು ಅದು, ಅವನ ಮದುವೆಗೂ ಮುಂಚಿನದು. ಈ ಊರಿನ ಅರ್ಧ ಜನ ಆ ಕುರ್ಚಿಯಲ್ಲಿ ಕೂತು ಆ ಸಾಲಿನ ಮುಂದೆ ತಡವರಿಸಿದ್ದಾರೆ, ನಕ್ಕಿದ್ದಾರೆ, ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಾರೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅವನು ಅದನ್ನು ಹೇಳಿಯಾನು. ಎಬ್ಬಿಸದೆಯೇ ಹೇಳಿದ್ದಾನೆ ಎಂದು ಹೆಂಡತಿಯ ಸಾಕ್ಷಿಯಿದೆ. ಈಗ ಆ ಕನ್ನಡಿಯಲ್ಲಿ ಕೊನೆಯ ಸಾಲು ಇರಬೇಕಾದ ಕಡೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಸೀಮೆಸುಣ್ಣದ ಗುರುತಿನಂಥ ಏನೋ ಒಂದು ಇತ್ತು. ಅದರ ಮೇಲಿನ ಸಾಲೂ ಹಾಗೆಯೇ ಇತ್ತು. ಅದರ ಮೇಲಿನದ್ದನ್ನು ಅವನು ನೋಡಲು ಹೋಗಲಿಲ್ಲ. "ಕಾಣುತ್ತೆ, ಏನಾಗಿದೆ ಈಗ?" ಎಂದು ಗಟ್ಟಿಯಾಗಿ ಹೇಳಿಕೊಂಡ. ಯಾರೂ ಏನನ್ನೂ ಕೇಳಿರಲಿಲ್ಲ.

ಕಣ್ಣು ಮಂಜಾಗುವುದಕ್ಕೆ ಕಾರಣ ಒಂದೇ ಎರಡೇ? ಆ ಪಟ್ಟಿಯೂ ಅವನಿಗೆ ಬಾಯಿಪಾಠ. ಬಂದವರು ಕುರ್ಚಿಯಲ್ಲಿ ಕೂರುವ ಮುಂಚೆಯೇ ಅವನ ಬಾಯಲ್ಲಿ ಅದು ಶುರುವಾಗುತ್ತಿತ್ತು. ಮಂಜು ಅಂದಕೂಡಲೇ ಹೆದರಬೇಡಿ ಸ್ವಾಮಿ, ಮೊದಲು ಕನ್ನಡಕ ಒರೆಸಿ ನೋಡಿ, ಅರ್ಧ ಜನರ ಕಾಯಿಲೆ ಅಲ್ಲಿಗೇ ವಾಸಿ. ನಿದ್ದೆ ಸಾಲದಿದ್ದರೂ ಮಂಜು, ಫ್ಯಾನಿನ ಗಾಳಿಗೆ ಕಣ್ಣು ಒಣಗಿದರೂ ಮಂಜು, ಫೋನು ನೋಡಿ ನೋಡಿ ರೆಪ್ಪೆ ಬಡಿಯುವುದನ್ನೇ ಮರೆತರೂ ಮಂಜು. ನಲವತ್ತು ದಾಟಿದಿರಾ, ಹತ್ತಿರದ್ದು ಮಂಜು. ಶುಗರ್ ಏರಿತಾ, ಇವತ್ತೊಂದು ನಂಬರು ನಾಳೆಯೊಂದು ನಂಬರು. ವಯಸ್ಸಾಯಿತಾ, ಪೊರೆ, ಅದಕ್ಕೂ ಹೆದರಬೇಕಾಗಿಲ್ಲ, ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ತೆಗೆದುಬಿಡುತ್ತಾರೆ, ಮಾರನೆಯ ದಿನ ಪೇಪರ್ ಓದಬಹುದು. ಹೀಗೆ ಸಾವಿರ ಜನಕ್ಕೆ ಧೈರ್ಯ ಹೇಳಿ ಆಸ್ಪತ್ರೆಗೆ ಕಳಿಸಿದ ಬಾಯಿ ಅದು. ತನ್ನ ಪಾಲಿಗೆ ಮಾತ್ರ ಅವನು ಆ ಪಟ್ಟಿಯ ಮೊದಲ ತುದಿಯಲ್ಲೇ ಠಿಕಾಣಿ ಹೂಡಿದ್ದ. ಕನ್ನಡಕ ಒರೆಸಿದ. ಮತ್ತೆ ಒರೆಸಿದ. ಮೊನ್ನೆ ಹಾಕಿಸಿದ ಬಲ್ಬೇ ಸರಿಯಿಲ್ಲವೆಂದು ಬಲ್ಬಿನ ಅಂಗಡಿಯವನ ಜೊತೆ ಜಗಳ ಮಾಡಿ ಬದಲಾಯಿಸಿಕೊಂಡು ಬಂದ. ಆ ಅಂಗಡಿಯವನು ತಾನೂ ಇವನ ಗಿರಾಕಿಯೇ ಆದ್ದರಿಂದ ಏನೂ ಅನ್ನದೆ ಬೇರೆ ಬಲ್ಬು ಕೊಟ್ಟಿದ್ದ.

ಹೆಂಡತಿ ಮೂಲೆಯ ಮೇಜಿನಲ್ಲಿ ಗಾಜಿನ ಅಂಚು ಉಜ್ಜುವ ಯಂತ್ರದ ಮುಂದೆ ಕೂತಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಊಟದ ಡಬ್ಬಿ ತಂದುಕೊಟ್ಟು ಹೋಗುತ್ತಿದ್ದವಳು, ಒಂದು ದಿನ ಅವನಿಗೆ ಜ್ವರವೆಂದು ಆ ಮೇಜಿಗೆ ಕೂತಳು. ಕೂತವಳು ಏಳಲಿಲ್ಲ. ಅವನು ಕಣ್ಣು ನೋಡುವುದು, ನಂಬರು ಬರೆಯುವುದು, ಗಾಜು ಎಲ್ಲಿ ಹೇಗೆ ಕೂರಬೇಕೆಂದು ಯಂತ್ರದಲ್ಲಿ ನೋಡಿ ಶಾಯಿಯ ಚುಕ್ಕೆ ಇಡುವುದು. ಅವಳು ಉಜ್ಜಿ ಫ್ರೇಮಿಗೆ ಕೂರಿಸುವುದು. ಹೀಗೆ ಸಂಸಾರ ನಡೆದಿತ್ತು. ಗಿರಾಕಿಗಳ ಕಣ್ಣ ಮುಂದೆ ಗಾಜು ಬದಲಾಯಿಸುತ್ತ "ಇದಾ, ಅದಾ?" ಎಂದು ಕೇಳಿ ಕೇಳಿ ಅವನಿಗೆ ಅದು ಚಟವಾಗಿಹೋಗಿತ್ತು. ಅಂಗಿ ಹಾಕಿಕೊಳ್ಳುವಾಗ ಇದಾ ಅದಾ, ತರಕಾರಿಯ ಮುಂದೆ ಇದಾ ಅದಾ. ಮಗಳಿಗೆ ಬಂದ ಎರಡು ಸಂಬಂಧಗಳ ಬಗ್ಗೆಯೂ ಇದಾ ಅದಾ ಎಂದು ಕೇಳಿ ಮಗಳಿಂದ ಚೆನ್ನಾಗಿ ಬೈಸಿಕೊಂಡಿದ್ದ. ಹೋದ ವಾರ ಇಂಥದೇ ಬೆಳಿಗ್ಗೆ, ಬಾಗಿಲ ಬಳಿ ಸುಮ್ಮನೆ ನಿಂತಿದ್ದ ಒಬ್ಬ ವಯಸ್ಸಾದವರಿಗೆ ಅವನು "ಬನ್ನಿ ಬನ್ನಿ, ಕೂತ್ಕೊಳ್ಳಿ, ಯಾಕೆ ನಿಂತೇ ಇದ್ದೀರಿ?" ಎಂದು ಕೈ ತೋರಿಸಿದ. ಅವರೂ ಹಾಗೆಯೇ ಕೈ ತೋರಿಸಿದರು. ಫ್ರೇಮು ಹಾಕಿ ನೋಡಿಕೊಳ್ಳಲು ಇಟ್ಟಿದ್ದ ನಿಲುವುಗನ್ನಡಿ ಅದು. ಕಿವಿ ಬಿಸಿಯಾಗಿ ಅವನು ಹೆಂಡತಿಯ ಕಡೆ ನೋಡಿದ. ಅವಳು ತಲೆ ಬಗ್ಗಿಸಿ ಗಾಜು ಉಜ್ಜುತ್ತಿದ್ದಳು, ಕಂಡೇ ಇಲ್ಲವೆಂಬಂತೆ. ಮಾರನೆಯ ದಿನ ಬಂದಾಗ ಕನ್ನಡಿ ಬೇರೆ ಗೋಡೆಗೆ ಹೋಗಿತ್ತು. ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಫೋನು ಬಂದಾಗ ಹೆಸರು ಓದಲು ಹೋಗದೆ ಎತ್ತಿದ. ಈಚೆಗೆ ಹಾಗೆಯೇ ಎತ್ತುತ್ತಿದ್ದ.

"ಗೂಬೇ, ಅಂಗಡಿಲಿದೀಯಾ?"

ಭೂಮಿಯ ಮೇಲೆ ಅವನನ್ನು ಹಾಗೆ ಕರೆಯುವವಳು ಅಕ್ಕ ಒಬ್ಬಳೇ. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಶಾಲೆಗೆ ಹೋದ ಮೊದಲ ದಿನ ಹುಡುಗರು ಕರೆದ ಹೆಸರು ಅದು. ಅವನು ಅತ್ತುಕೊಂಡು ಬಂದಾಗ ಅಕ್ಕ ಆ ಹೆಸರನ್ನು ಹುಡುಗರಿಂದ ಕಿತ್ತುಕೊಂಡು ತಾನೇ ಇಟ್ಟುಕೊಂಡಳು. ಅಂದಿನಿಂದ ಅದು ಮುದ್ದಿನ ಹೆಸರಾಯಿತು.

"ಇದೀನಿ ಅಕ್ಕ, ಹೇಳು."

"ಏನಿಲ್ಲ ಕಣೋ. ಹೊಲಿಗೆ ಮಿಷನ್ ಕೊಟ್ಬಿಡೋಣ ಅಂತ ಮಾಡಿದೀನಿ. ಎದುರುಮನೆ ನರ್ಸಮ್ಮ ಸಾಯಂಕಾಲ ಡ್ಯೂಟಿ ಮುಗಿಸ್ಕೊಂಡು ಬಂದು ತಗೊಂಡು ಹೋಗ್ತಾಳೆ. ಕತ್ತರಿ ಮಾತ್ರ ಕೊಡಲ್ಲ, ಅದು ನಿನ್ನ ಹೆಂಡ್ತಿಗೆ. ಬಂದು ತಗೊಂಡು ಹೋಗು."

"ಮಿಷನ್ನಾ? ಯಾಕಕ್ಕ, ಏನಾಯ್ತು ಈಗ?"

"ಇನ್ನೇನಾಗ್ಬೇಕು? ಸೂಜಿಗೆ ದಾರ ಪೋಣಿಸೋಕೆ ಹೋದ್ರೆ ಎರಡು ತೂತು ಕಾಣುತ್ತೆ, ನಾನು ಇಲ್ಲದ ತೂತಿಗೇ ಪೋಣಿಸ್ತಾ ಕೂತಿರ್ತೀನಿ. ನೇರ ಹೊಲಿದೆ ಅಂದ್ಕೊಂಡು ತೆಗೆದ್ರೆ ಹೊಲಿಗೆ ತನ್ನ ಪಾಡಿಗೆ ತಾನು ಊರು ಸುತ್ತಿ ಬಂದಿರುತ್ತೆ. ಮೊನ್ನೆ ಆ ಮಗೂ ಫ್ರಾಕು ನೋಡ್ಬೇಕಿತ್ತು ನೀನು, ಒಂದು ಕಡೆ ಮೊಣಕಾಲು, ಒಂದು ಕಡೆ ಪಾದ! ಅವರಮ್ಮ ಪಾಪ ಚೆನ್ನಾಗಿದೆ ಅಂದ್ಲು." ಅಕ್ಕ ನಕ್ಕಳು. ನಗು ನಡುವಿಗೇ ನಿಂತಿತು. "ನೀನು ಬೇಜಾರು ಮಾಡ್ಕೋಬೇಡ ಮತ್ತೆ. ನೀನು ಮಾಡ್ಕೊಟ್ಟ ಕನ್ನಡಕದಲ್ಲೇನೂ ಐಬಿಲ್ಲ, ಅದು ಚಿನ್ನದಂಥದ್ದು. ಕಣ್ಣೇ ಕೈ ಕೊಟ್ಟಿರೋದು. ನೀನೇ ಹೇಳಿದ್ಯಲ್ಲ, ವಯಸ್ಸು ಅಂತ."

ಹೇಳಿದ್ದ. ಹೌದು, ಅವನೇ ಹೇಳಿದ್ದ. ಹಳೆಯ ಕನ್ನಡಕ ಬಿದ್ದು ಒಡೆಯಿತೆಂದು ಅಕ್ಕ ಬಂದಾಗ ಕಣ್ಣು ನೋಡಿ, ಅವಳಿಗೆ ಇಷ್ಟದ ಗುಂಡು ಫ್ರೇಮನ್ನೇ ಹುಡುಕಿ, ತನ್ನ ಕೈಯಾರೆ ಗಾಜು ಉಜ್ಜಿ ಕೂರಿಸಿ ಕೊಟ್ಟಿದ್ದ. ಹಾಕಿಕೊಂಡು ಹೋದವಳು ಮತ್ತೆ ಬಂದಳು: ನೆಲ ಯಾಕೋ ಒಂದು ಕಡೆ ವಾಲಿದ ಹಾಗೆ ಕಾಣುತ್ತೆ ಕಣೋ. "ಹೊಸದು ಅಲ್ವಾ ಅಕ್ಕ, ಒಂದು ವಾರ ಹಾಕ್ಕೋ, ಅಭ್ಯಾಸ ಆಗುತ್ತೆ." ಜಗತ್ತಿನ ಎಲ್ಲ ಕನ್ನಡಕದ ಅಂಗಡಿಯವರೂ ಹೇಳುವ ಮಾತು ಅದು. ಹತ್ತರಲ್ಲಿ ಒಂಬತ್ತು ಸಲ ನಿಜವೂ ಹೌದು. ಅಕ್ಕ ಅಭ್ಯಾಸ ಮಾಡಿಕೊಳ್ಳಲು ಹೋದಳು. ಆಗಲಿಲ್ಲ. ಮತ್ತೆ ಬಂದಾಗ ಕಣ್ಣು ಒಣಗಿದೆ ಎಂದು ಹನಿ ಹಾಕಿಕೊಳ್ಳಲು ಹೇಳಿದ, ಹಾಕಿಕೊಂಡಳು. ಮತ್ತೆ ಬಂದಾಗ ಶುಗರ್ ನೋಡಿಸು ಎಂದ. ನೋಡಿಸಿಕೊಂಡು ಬಂದು, ಪರೀಕ್ಷೆಯಲ್ಲಿ ಫೇಲಾದ ಹುಡುಗಿಯ ಹಾಗೆ ಬಾಗಿಲಲ್ಲಿ ನಿಂತು "ಶುಗರ್ ಇಲ್ವಂತೆ ಕಣೋ, ಇನ್ನೇನು ಮಾಡಿಸ್ಲಿ?" ಎಂದಳು. ಮೊಣಕೈ ತರಚಿತ್ತು. ಮೆಟ್ಟಿಲಲ್ಲಿ ಸ್ವಲ್ಪ ಎಡವಿದೆ, ನನ್ನದೇ ಅವಸರ, ಎಂದಳು. ಅವನ ಪಟ್ಟಿಯಲ್ಲಿ ಉಳಿದಿದ್ದು ಒಂದೇ ಮಾತು. "ವಯಸ್ಸು ಅಕ್ಕ," ಎಂದ. ಅವಳು ತಲೆಯಾಡಿಸಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಹೋದಳು. ಪ್ರತಿ ಸಲವೂ, ಯಂತ್ರದ ಸದ್ದಿನಲ್ಲಿ ಮಾತು ಕೇಳಿಸದ ಹೆಂಡತಿ ಅಕ್ಕ ಯಾಕೆ ಬಂದಿದ್ದಳೆಂದು ಕೇಳಿದಾಗ "ಏನಿಲ್ಲ, ಸುಮ್ನೆ ಮಾತಾಡೋಕೆ ಬಂದಿದ್ಲು" ಎಂದಿದ್ದ. ಯಾಕೆ ಹಾಗೆಂದನೋ ಅವನಿಗೇ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದು ಎಷ್ಟು ನಿಜವೆಂಬುದೂ ಗೊತ್ತಿರಲಿಲ್ಲ.

ಫೋನಿಟ್ಟ ಮೇಲೂ ಅವನ ಕಿವಿಯಲ್ಲಿ ಆ ಮಿಷನ್ನಿನ ಸದ್ದು ಓಡುತ್ತಲೇ ಇತ್ತು. ಆ ಸದ್ದಿನಲ್ಲೇ ಅವನು ಬೆಳೆದಿದ್ದ. ಅಮ್ಮ ಇಲ್ಲದ ಮನೆಯಲ್ಲಿ ಅಕ್ಕ ಕಾಲಿನಿಂದ ಅದನ್ನು ತುಳಿಯುತ್ತ ಬಾಯಿಂದ ಅವನಿಗೆ ಮಗ್ಗಿ ಹೇಳಿಕೊಡುತ್ತಿದ್ದಳು. ಅವನಿಗೆ ಎಲ್ಲವೂ ಬಾಯಿಗೆ ಬರುತ್ತಿತ್ತು. ಹಲಗೆಯ ಮೇಲೆ ಮೇಷ್ಟ್ರು ಬರೆದದ್ದು ಕಾಣುತ್ತಿರಲಿಲ್ಲ, ಪಕ್ಕದವನು ಓದಿದ್ದನ್ನು ಕೇಳಿ ಕಲಿತು ಹೇಳುತ್ತಿದ್ದ. ಭಾರೀ ಜಾಣ ಎಂದು ಹೆಸರಾಗಿತ್ತು. ಒಂದು ದಿನ ಬೀದಿಯಲ್ಲಿ ಎದುರಿಗೆ ಬಂದ ಅಕ್ಕನನ್ನು ದಾಟಿಕೊಂಡೇ ಹೋದ. ಅವಳಿಗೆ ಅನುಮಾನ ಬಂತು. ಅವನನ್ನು ಹೊಸಿಲ ಮೇಲೆ ನಿಲ್ಲಿಸಿ, ದಾರದ ಡಬ್ಬಿ ತೆಗೆದುಕೊಂಡು ಓಣಿಯ ಕೊನೆಗೆ ಹೋಗಿ ಒಂದು ರೀಲು ಎತ್ತಿ ಹಿಡಿದಳು. ಯಾವ ಬಣ್ಣ? ಕೆಂಪು ಎಂದ. ಸರಿಯಿತ್ತು. ಡಬ್ಬಿಯಲ್ಲಿ ಮೊದಲು ಕೆಂಪು, ಆಮೇಲೆ ಹಸಿರು, ಆಮೇಲೆ ಹಳದಿ. ದಿನಾ ಅದನ್ನು ಜೋಡಿಸಿಡುತ್ತಿದ್ದವನು ಅವನೇ. ಅವಳು ಮತ್ತೆ ಕೈ ಎತ್ತಿದಳು. ಇದು? "ಹಸಿರು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಅಕ್ಕ ಎತ್ತಿದ ಕೈಯನ್ನು ಇಳಿಸದೆ ನಡೆದು ಬಂದು, ಅವನ ಮೂಗಿನ ಮುಂದೆ ಬೆರಳು ಬಿಡಿಸಿದಳು. ಕೈಯಲ್ಲಿ ಏನೂ ಇರಲಿಲ್ಲ. ಹೊಡೆಯುತ್ತಾಳೆಂದು ಕಣ್ಣು ಮುಚ್ಚಿಕೊಂಡ. ಅವಳು ಹೊಸಿಲ ಮೇಲೆ ಕೂತು ಅವನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಯಾರದೋ ದೊಡ್ಡ ಮನೆಯ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಟ್ಟು ಅವನಿಗೆ ಮೊದಲ ಕನ್ನಡಕ ಕೊಡಿಸಿದಳು. ಅದನ್ನು ಮೂಗಿಗೇರಿಸಿದ ತಕ್ಷಣ ಅವನು ಅವಳ ಮುಖ ನೋಡಿ "ಅಕ್ಕ, ನಿನ್ನ ಹಲ್ಲು ಮುರಿದಿದೆ!" ಎಂದು ಕಿರುಚಿದ್ದ. ಅಂಗಡಿಯವರೆಲ್ಲ ನಕ್ಕಿದ್ದರು. ಆ ಅಂಗಡಿಯಲ್ಲೇ ಮುಂದೆ ಅವನು ಕೆಲಸ ಕಲಿತ. ಅಕ್ಕನ ಕನ್ನಡಕ ಮಾತ್ರ ತಾನೇ ಮಾಡಬೇಕು, ಮೊದಲಿಂದ ಕೊನೆಯವರೆಗೆ, ಬೇರೆ ಯಾರೂ ಮುಟ್ಟಕೂಡದು ಎಂಬ ಹಠ ಆಗಿನಿಂದ ಬಂದದ್ದು. ಹೆಂಡತಿಯೂ ಮುಟ್ಟುವಂತಿರಲಿಲ್ಲ.

ಮಧ್ಯಾಹ್ನ ಕಳೆದಿತ್ತು, ಸಂಜೆಗೆ ಬೇಕರಿಯವರು ತಮ್ಮ ಕನ್ನಡಕಕ್ಕೆ ಬರುವುದಿತ್ತು. ನಿನ್ನೆಯೇ ಸಿದ್ಧವಾಗಿ ಡಬ್ಬಿಯಲ್ಲಿತ್ತು. ಹೆಂಡತಿಗೆ ಬೇರೆ ಕೆಲಸವಿದ್ದುದರಿಂದ ಗಾಜು ಕೂರಿಸಿದ್ದು ಅವನೇ. ಈಗ ಹತ್ತಿರ ಹೋಗಿ ನೋಡಿದರೆ ಅವಳು ಅದನ್ನು ನಂಬರು ನೋಡುವ ಯಂತ್ರದ ಕೆಳಗಿಟ್ಟು, ಒಂದು ಕಣ್ಣು ಮುಚ್ಚಿ, ಪುಟ್ಟ ಸ್ಕ್ರೂಡ್ರೈವರಿನಿಂದ ಏನೋ ಸಡಿಲಿಸುತ್ತಿದ್ದಳು.

"ಏನೇ ಮಾಡ್ತಿದೀಯ? ಅದು ನಿನ್ನೆನೇ ಆಯ್ತಲ್ಲ."

"ಸ್ವಲ್ಪ ಓರೆ ಇತ್ತು. ಸರಿ ಮಾಡಿದೆ, ಅಷ್ಟೆ."

"ಓರೆನಾ? ನಾನು ಕೂರಿಸಿದ್ದು ಓರೆನಾ?"

ಅವಳು ಸ್ಕ್ರೂ ಬಿಗಿ ಮಾಡಿದಳು. ಕೆಲವರ ಕಣ್ಣಿಗೆ ಗಾಜಿನ ನಂಬರು ಸರಿಯಿದ್ದರೆ ಸಾಲದು, ಗಾಜು ಕೂತ ಕೋನವೂ ಸರಿಯಿರಬೇಕು. ಗಡಿಯಾರದ ಮುಳ್ಳಿನ ಹಾಗೆ ಅದು ಇತ್ತ ಅತ್ತ ಆದರೆ ನೇರವಿದ್ದದ್ದು ವಾಲುತ್ತದೆ, ಒಂದಿದ್ದದ್ದು ಎರಡಾಗುತ್ತದೆ. ಅದನ್ನು ಪತ್ತೆ ಮಾಡಲು ಯಂತ್ರದೊಳಗೆ ಹಸಿರು ಗೆರೆಗಳಿವೆ, ಅವು ಕೂದಲಿನಷ್ಟು ತೆಳ್ಳಗೆ ಕಂಡಾಗ ಚುಕ್ಕೆ ಇಡಬೇಕು. ಈಚೆಗೆ ಅವನಿಗೆ ಅವು ಹಗ್ಗದಷ್ಟು ದಪ್ಪ ಕಾಣುತ್ತಿದ್ದವು. ಯಂತ್ರ ಹಳೆಯದಾಯಿತು ಎಂದುಕೊಂಡಿದ್ದ.

"ಎಷ್ಟು ದಿನದಿಂದ ಹೀಗೆ ಮಾಡ್ತಿದೀಯ?"

"ಬಿಡ್ರೀ ಅದನ್ನ."

"ಹೇಳೇ ಅಂದ್ರೆ."

"ಹೋದ ಬೇಸಿಗೆಯಿಂದ. ನೀವು ಇಟ್ಟ ಚುಕ್ಕೆ ಆಚೀಚೆ ಆಗ್ತಿತ್ತು. ಒಂದು ಸಲ ನೋಡಿ ಸರಿ ಮಾಡ್ತಿದ್ದೆ."

"ನನ್ನ ಬೆನ್ನ ಹಿಂದೆ!" ಅವನ ದನಿ ಏರಿತು. "ಇಷ್ಟು ವರ್ಷ ಈ ಕೆಲಸ ಮಾಡಿದೋನು ನಾನು, ನನಗೆ ಒಂದು ಮಾತು ಹೇಳದೆ ನನ್ನ ಬೆನ್ನ ಹಿಂದೆ..."

"ಬೆನ್ನ ಹಿಂದೆ ಎಲ್ಲಿ ಬಂತು? ನಿಮ್ಮ ಮುಂದೇನೇ ಕೂತ್ಕೊಂಡು ಮಾಡ್ತಿದ್ದೆ. ನಿಮಗೆ ಕಾಣ್ತಿರಲಿಲ್ಲ."

ಕೋಪದಿಂದ ಹೇಳಿದ್ದರೆ ಅವನೂ ಕೂಗಾಡಬಹುದಿತ್ತು. ಅವಳು ಅಳು ನುಂಗಿಕೊಂಡು ಹೇಳಿದ್ದಳು. ಅವನು ಗಿರಾಕಿಯ ಕುರ್ಚಿಯಲ್ಲಿ ಕುಸಿದ. ಅವಳ ಮೇಲೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಇವಳು ಒಬ್ಬಳೇ ಇದನ್ನೆಲ್ಲ ಹೊತ್ತುಕೊಂಡು, ಕನ್ನಡಿಯನ್ನು ಸರಿಸಿ, ಚುಕ್ಕೆಯನ್ನು ಸರಿಸಿ, ತನ್ನ ಮಾನ ಕಾಯುತ್ತ ಕೂತಿದ್ದಾಳಲ್ಲ ಎಂದು ಎದೆ ತುಂಬಿ ಬಂತು. ಎದ್ದು ಹೋಗಿ ಅವಳ ತಲೆ ಸವರಬೇಕೆನಿಸಿತು. ಬಾಗಿಲು ತೆರೆದಿತ್ತು, ಸುಮ್ಮನೆ ಕೂತ. ಆಗ ಇನ್ನೊಂದು ಯೋಚನೆ ಬಂತು.

"ಎಲ್ಲರದ್ದೂ ನೋಡಿದೀಯಾ? ಒಂದೂ ಬಿಟ್ಟಿಲ್ವಾ?"

"ಒಂದೂ ಬಿಟ್ಟಿಲ್ಲ. ನಮ್ಮಲ್ಲಿಂದ ಹೋಗಿದ್ದು ಒಂದೂ ತಪ್ಪು ಹೋಗಿಲ್ಲ, ನೀವು ಅದರ ಚಿಂತೆ ಮಾಡ್ಬೇಡಿ. ಅತ್ತಿಗೆದೊಂದು..." ಅವಳು ನಿಂತುಬಿಟ್ಟಳು. ಸ್ಕ್ರೂಡ್ರೈವರನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಅತ್ತಿಗೆದು ನೀವು ಮುಟ್ಟೋಕೆ ಬಿಡಲ್ವಲ್ಲ."

ಬೀದಿಯಲ್ಲಿ ಯಾರೋ ಸೈಕಲ್ಲಿನ ಬೆಲ್ಲು ಬಾರಿಸುತ್ತ ಹೋದರು. ಅವನು ಫೋನಿನಲ್ಲಿ ಅಕ್ಕ ಹೇಳಿದ್ದನ್ನು ಹೇಳಿದ. ನೆಲ ವಾಲಿದ್ದು, ಹನಿ, ಶುಗರ್, ತರಚಿದ ಮೊಣಕೈ, ಮಗುವಿನ ಫ್ರಾಕು, ಎಲ್ಲ. ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಒಂದೇ ಉಸಿರಿಗೆ ಬಂತು. ಊರಿನವರ ಕನ್ನಡಕವೆಲ್ಲ ಸರಿಯಾಗಿದ್ದು, ಪ್ರೀತಿಯಿಂದ ತನ್ನ ಕೈಯಾರೆ ಮಾಡಿದ್ದೊಂದೇ ತಪ್ಪಾಗಿತ್ತು. ಆ ತಪ್ಪು ಗಾಜಿನ ಹಿಂದೆ ಕೂತು ಅಕ್ಕ ತನ್ನ ಕಣ್ಣು ಹೋಯಿತೆಂದು ನಂಬಿದ್ದಳು, ತಮ್ಮನನ್ನು ನಂಬಿದ್ದರಿಂದ.

"ಏಳ್ರೀ," ಎಂದಳು ಹೆಂಡತಿ, ಕೈಚೀಲಕ್ಕೆ ಸ್ಕ್ರೂಡ್ರೈವರು ಹಾಕಿಕೊಳ್ಳುತ್ತ. "ಬೇಕರಿಯವರದು ಅವರ ಅಂಗಡಿಗೇ ಕೊಟ್ಟು ಹೋಗೋಣ. ಮಿಷನ್ ಆ ಮನೆಯಿಂದ ಹೊರಗೆ ಹೋಗಬಾರದು."

ಬಿಸಿಲು ಇಳಿಯುತ್ತಿತ್ತು. ಎದುರಿನಿಂದ ಬರುವ ಪ್ರತಿಯೊಂದು ವಾಹನದ ಸುತ್ತಲೂ ಬೆಳಕು ಉಬ್ಬಿಕೊಂಡಿತ್ತು, ಜನರ ಮುಖಗಳು ಹತ್ತಿರ ಬಂದಮೇಲಷ್ಟೆ ಮುಖಗಳಾಗುತ್ತಿದ್ದವು. ಹೆಂಡತಿ ಅವನ ಎಡಗಡೆ ನಡೆಯುತ್ತಿದ್ದಳು. ಎಡಗಣ್ಣೇ ಹೆಚ್ಚು ಮಂಜು. ಎಷ್ಟೋ ಕಾಲದಿಂದ ಇವಳು ಈ ಕಡೆಯೇ ನಡೆಯುತ್ತಿದ್ದಾಳೆ ಎಂದು ಅವನಿಗೆ ಹೊಳೆದದ್ದು ಅಲ್ಲಿ, ಬೇಕರಿ ದಾಟಿ ರಸ್ತೆ ತಿರುಗುವಾಗ, ಅವಳು ಏನೂ ಹೇಳದೆ ಮೊಣಕೈಯಿಂದ ಅವನನ್ನು ಒಂದು ಹಳ್ಳದ ಪಕ್ಕಕ್ಕೆ ಸರಿಸಿದಾಗ. ಪೊರೆ ಎಂದು ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಇಂಥ ಕಣ್ಣನ್ನು ಟಾರ್ಚು ಬಿಟ್ಟು ಎಷ್ಟು ನೋಡಿಲ್ಲ? ತನ್ನ ಕಣ್ಣಿಗೆ ಟಾರ್ಚು ಬಿಡಲು ಮಾತ್ರ ಧೈರ್ಯ ಬಂದಿರಲಿಲ್ಲ. ಕನ್ನಡಕದವನ ಕಣ್ಣೇ ಹೋಗಿದೆಯಂತೆ ಎಂದು ಊರು ಹಲ್ಲು ಕಿಸಿಯುತ್ತದೆ ಎಂಬುದು ಒಂದು. ಕತ್ತಿ ಕಣ್ಣಿನ ಹತ್ತಿರ ಬರುತ್ತದೆ ಎಂಬುದು ಇನ್ನೊಂದು. ಮತ್ತೊಂದು ಭಯಕ್ಕೆ ಹೆಸರಿರಲಿಲ್ಲ. ಹೊಸಿಲ ಮೇಲೆ ಕಣ್ಣು ಮುಚ್ಚಿ ನಿಂತ ಹುಡುಗನ ಭಯ ಅದು, ಜಾಣ ಎಂದು ಹೆಸರಾದವನದು.

"ಗುಂಡು ಫ್ರೇಮು ತಾನೇ ಅದು?" ಎಂದಳು ಹೆಂಡತಿ, ಅವನ ಕಡೆ ನೋಡದೆ. "ಗುಂಡು ಫ್ರೇಮಲ್ಲಿ ಗಾಜು ತಿರುಗಿಬಿಡುತ್ತೆ ಎಷ್ಟೋ ಸಲ. ಸ್ಕ್ರೂ ಸಡಿಲ ಆಗಿ ಗಾಜು ಜಾರಿತ್ತು ಅಂದ್ರೆ ಆಯ್ತು. ಅತ್ತಿಗೆ ಇನ್ನೇನೂ ಕೇಳಲ್ಲ."

ಅವನಿಗೂ ಅದು ಅಂಗಡಿಯಲ್ಲೇ ಹೊಳೆದಿತ್ತು. ಎಂಥ ಚೆಂದದ ಸುಳ್ಳು! ಯಾರಿಗೂ ನೋವಿಲ್ಲ, ಅಕ್ಕನ ಕಣ್ಣು ವಾಪಸು, ಮಿಷನ್ ವಾಪಸು, ತನ್ನ ಮರ್ಯಾದೆಯೂ ವಾಪಸು. ಹೆಂಡತಿ ಪ್ರೀತಿಯಿಂದ ಅದನ್ನು ಕೈಗೆ ಕೊಡುತ್ತಿದ್ದಾಳೆ. "ನೋಡೋಣ," ಎಂದ.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಮಿಷನ್ನನ್ನು ಆಗಲೇ ನಡುಮನೆಗೆ ತಂದು, ಒರೆಸಿ, ಮೇಲೆ ಹೂವಿನ ಬಟ್ಟೆ ಹೊದಿಸಿ ಇಡಲಾಗಿತ್ತು, ಊರಿಗೆ ಹೊರಟವರಿಗೆ ಅಲಂಕಾರ ಮಾಡಿದ ಹಾಗೆ. ಎದುರುಮನೆಯ ನರ್ಸಮ್ಮ ಆಸ್ಪತ್ರೆಯ ಬಟ್ಟೆಯಲ್ಲೇ ಬಂದು ಮಣೆಯ ಮೇಲೆ ಕೂತಿದ್ದಳು. ಅಕ್ಕ ಅವಳಿಗೆ ಎಲ್ಲಿ ಎಣ್ಣೆ ಬಿಡಬೇಕು, ಬೆಲ್ಟು ಎಳೆದರೆ ಏನು ಮಾಡಬೇಕು ಎಂದು ವಿವರಿಸುತ್ತಿದ್ದಳು. "ಜಾಸ್ತಿ ತುಳೀಬೇಡ, ಅದಕ್ಕೆ ಸಿಟ್ಟು ಬರುತ್ತೆ. ಮೆಲ್ಲಗೆ ಹೇಳಿದ್ರೆ ಕೇಳುತ್ತೆ." ಒಳಗೆ ಬಂದವರ ಕಡೆ ಅವಳು ತಿರುಗಿದಳು. ತಲೆಯನ್ನು ಒಂದು ಕಡೆ ವಾಲಿಸಿಕೊಂಡು ನೋಡುತ್ತಿದ್ದಳು. ವಾಲಿದ ಜಗತ್ತನ್ನು ನೇರ ಮಾಡಿಕೊಳ್ಳಲು ತಾನೇ ವಾಲಿಕೊಂಡಿದ್ದಳು, ಅಭ್ಯಾಸ ಆಗಲಿ ಎಂದು.

"ಓ, ಜೋಡಿಯಾಗಿ ಬಂದ್ರಾ? ಅಂಗಡಿ ಯಾರು ನೋಡ್ತಾರೋ ಗೂಬೆ?"

"ಅಕ್ಕ, ಕನ್ನಡಕ ಕೊಡು ಇಲ್ಲಿ."

"ಯಾಕೋ?"

"ಕೊಡು ಅಂದ್ನಲ್ಲ."

ಅವಳು ತೆಗೆದುಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತ. ಸ್ಕ್ರೂ ಎಲ್ಲಿದೆಯೆಂದು ಬೆರಳಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಆಮೇಲೆ ಅದನ್ನು ಹೆಂಡತಿಯ ಕಡೆ ಚಾಚಿದ.

"ನೀನೇ ಮಾಡು."

ಹೆಂಡತಿ ಅವನ ಮುಖ ನೋಡಿ ತೆಗೆದುಕೊಂಡಳು. ಅಕ್ಕನಿಗೆ ಮಂಜಿನಲ್ಲೂ ಅಷ್ಟು ಕಂಡಿತು. "ಇದೇನಿದು! ನನ್ನ ಕನ್ನಡಕ ಇವಳ ಕೈಲಿ?" ಎಂದಳು. ಬಲಗಡೆಯ ಸ್ಕ್ರೂ ಸಡಿಲಿಸಿ, ಕನ್ನಡಕವನ್ನು ಅಕ್ಕನಿಗೆ ಹಾಕಿ, ಹೆಂಡತಿ ಮುಂದೆ ಕೂತು ಗಾಜನ್ನು ಉಗುರಿನಿಂದ ಎಳ್ಳಷ್ಟೆಳ್ಳಷ್ಟೇ ತಿರುಗಿಸಿದಳು. ಅವನು ಪಕ್ಕದಲ್ಲಿ ನಿಂತು ಕಿಟಕಿಯ ಕಂಬಿ ನೋಡಲು ಅಕ್ಕನಿಗೆ ಹೇಳಿ, ತನ್ನ ಹಳೆಯ ದನಿಯಲ್ಲಿ ಕೇಳಿದ. ಆ ಕೆಲಸಕ್ಕೆ ಕಣ್ಣು ಬೇಕಿರಲಿಲ್ಲ, ಕಿವಿ ಸಾಕಿತ್ತು. ಇದಾ, ಅದಾ? ಅದು. ಈಗ? ಇನ್ನೂ ಸ್ವಲ್ಪ. ಇದಾ, ಅದಾ? ತಡಿ ತಡಿ, ವಾಪಸ್ ತಿರುಗ್ಸು. ಇದಾ? ಅಕ್ಕ ಉಸಿರು ಬಿಗಿಹಿಡಿದಳು. ವಾಲಿದ್ದ ತಲೆ ತಾನಾಗಿ ನೆಟ್ಟಗಾಯಿತು.

"ಅಯ್ಯೋ! ಅಲ್ಲೇ ನಿಲ್ಸೇ, ಅಲ್ಲಾಡಿಸ್ಬೇಡ! ಕಂಬಿ ನೇರ ಆಯ್ತು. ಒಂದೊಂದೇ ಇದೆ ಕಣೇ, ಒಂದೊಂದೇ!"

ಎಡಗಡೆಯದೂ ಸರಿಯಾಯಿತು. ಅಕ್ಕ ನೆಲ ನೋಡಿದಳು, ತನ್ನ ಬೆರಳು ನೋಡಿಕೊಂಡಳು. ಮಿಷನ್ನಿನ ಬಟ್ಟೆ ಸರಿಸಿ, ಸೂಜಿಯ ಬಳಿ ಬಗ್ಗಿ, ನಾಲಿಗೆಯಿಂದ ದಾರದ ತುದಿ ಒದ್ದೆ ಮಾಡಿ ಒಂದೇ ಸಲಕ್ಕೆ ಪೋಣಿಸಿದಳು. ನರ್ಸಮ್ಮ ಚಪ್ಪಾಳೆ ತಟ್ಟಿದಳು. ಅಕ್ಕನ ಕಣ್ಣಲ್ಲಿ ನೀರು ಬಂದು ಮತ್ತೆ ಎಲ್ಲ ಮಂಜಾಯಿತು. ಅದಕ್ಕೆ ಅವಳೇ ನಕ್ಕಳು.

"ಅಂದ್ರೆ ಗಾಜು ಜಾರಿತ್ತಾ ಇಷ್ಟು ದಿನ? ನೋಡು ಮತ್ತೆ! ಗುಂಡು ಫ್ರೇಮು ಬೇಡ ಅಕ್ಕ, ಬೇಡ ಅಕ್ಕ ಅಂತ ನೀನು ಬಡ್ಕೊಂಡೆ. ನಾನೇ ಹಠ ಮಾಡಿದ್ದು. ಎಲ್ಲ ನನ್ನದೇ ತಪ್ಪು ಕಣೋ."

ಹೆಂಡತಿ ಸ್ಕ್ರೂ ಬಿಗಿಮಾಡುವ ನೆಪದಲ್ಲಿ ತಲೆ ಬಗ್ಗಿಸಿದಳು. ಅವನು ಹೌದು ಎನ್ನಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದ. ಆ ಮೌನದಲ್ಲಿ ಅಕ್ಕ ತನ್ನ ತರಚಿದ ಮೊಣಕೈಯನ್ನು ಸವರಿಕೊಳ್ಳುತ್ತ, ತಪ್ಪೆಲ್ಲ ತನ್ನದೇ ಎಂದು ಎಷ್ಟು ಹಗುರವಾಗಿ ನಗುತ್ತಿದ್ದಳೆಂದರೆ ಅವನಿಗೆ ಸಹಿಸಲಾಗಲಿಲ್ಲ.

"ಜಾರಿರಲಿಲ್ಲ ಅಕ್ಕ. ನಾನೇ ತಪ್ಪಾಗಿ ಕೂರಿಸಿದ್ದು. ನನಗೆ ಕಾಣಲಿಲ್ಲ. ಆಮೇಲೆ ನೀನು ಬಂದು ಬಂದು ಹೇಳಿದಾಗ ಒಂದು ಸಲ ಯಂತ್ರಕ್ಕಿಟ್ಟು ನೋಡಬಹುದಿತ್ತು, ಇವಳಿಗೆ ತೋರಿಸಬಹುದಿತ್ತು. ಹೆದರಿಕೆ ಆಯ್ತು. ನಿನ್ನ ಕಣ್ಣು ಚೆನ್ನಾಗೇ ಇದೆ. ಮಂಜಾಗಿರೋದು ನಂದು."

ಅಕ್ಕನ ನಗು ನಿಂತಿತ್ತು. ಎದ್ದು ಬಂದು ಅವನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಅವನ ಕನ್ನಡಕವನ್ನು ಹಣೆಗೇರಿಸಿ, ಈಗಷ್ಟೇ ನೇರವಾದ ಕಣ್ಣಿನಿಂದ ಬಹಳ ಹೊತ್ತು ನೋಡಿದಳು.

"ಎಷ್ಟು ಮುದುಕ ಆಗಿದೀಯೋ," ಎಂದಳು. "ನಿನ್ನೆವರೆಗೂ ಚೆನ್ನಾಗಿದ್ಯಲ್ಲೋ!"

"ಅತ್ತಿಗೆ, ಪೊರೆ. ಬೆಳ್ಳಗೆ ಕಾಣುತ್ತೆ ನೋಡಿ. ಹೇಳೋಕೆ ಹೋದ್ರೆ ಕೊನೆ ಸಾಲು ಓದಿ ತೋರಿಸ್ತಾರೆ. ಅದು ಬಾಯಿಪಾಠ ಅಂತ ಇಡೀ ಊರಿಗೇ ಗೊತ್ತು."

"ನಮ್ಮ ಆಸ್ಪತ್ರೆಲೇ ಮಾಡ್ತಾರೆ ಸಾರ್, ಏನೂ ಹೆದರಬೇಡಿ," ಎಂದಳು ನರ್ಸಮ್ಮ. "ಒಂದು ಲೋಟ ಕಾಫಿ ಕುಡಿಯೋಷ್ಟರಲ್ಲಿ ಆಗೋಗುತ್ತೆ." ತನ್ನ ಮಾತನ್ನೇ ಬೇರೆಯವರ ಬಾಯಲ್ಲಿ ಕೇಳಿ ಅವನು ಪೆಚ್ಚಾಗಿ ನಕ್ಕ.

ಅಕ್ಕ ನಗಲಿಲ್ಲ. ದಾರದ ಡಬ್ಬಿ ತೆಗೆದುಕೊಂಡು, ಅವನನ್ನು ಹೊಸಿಲ ಹತ್ತಿರ ನಿಲ್ಲಿಸಿ, ಹಿತ್ತಿಲ ಬಾಗಿಲವರೆಗೂ ನಡೆದುಹೋಗಿ ತಿರುಗಿ ನಿಂತಳು. ಅಲ್ಲಿಂದ ಅವಳು ಒಂದು ನಸುಬಿಳಿಯ ಆಕಾರವಾಗಿದ್ದಳು, ಅಷ್ಟೆ. ಆ ಆಕಾರದಿಂದ ಒಂದು ಕೈ ಮೇಲೆದ್ದಿತು.

"ಇದು ಯಾವ ಬಣ್ಣ?"

ಅವನ ತಲೆ ತನ್ನ ಹಳೆಯ ಚಾಳಿಯಂತೆ ಓಡಿತು. ಡಬ್ಬಿ ಅದೇ. ಮೊದಲು ಕೆಂಪು. ಆದರೆ ಅಕ್ಕ ಅಷ್ಟು ಸುಲಭಕ್ಕೆ ಕೆಂಪು ಎತ್ತುವವಳಲ್ಲ. ಬರಿಗೈ ಇರಬೇಕು, ಖಂಡಿತ ಬರಿಗೈಯೇ. ಏನೂ ಇಲ್ಲ ಎಂದುಬಿಟ್ಟರೆ ಎಲ್ಲರೂ ಬೆರಗಾಗುತ್ತಾರೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದೂ ಬಾಯಿಪಾಠವೇ ಎಂದು ಆಗ ಅನಿಸಿತು. ಪಕ್ಕದಲ್ಲಿ, ಎಡಗಡೆ, ಹೆಂಡತಿಯ ಉಸಿರು ಕೇಳುತ್ತಿತ್ತು.

"ಕಾಣಲ್ಲ ಅಕ್ಕ," ಎಂದ. "ನಿನ್ನ ಮುಖಾನೂ ಕಾಣ್ತಿಲ್ಲ."

ಹೇಳಿದ ಮೇಲೆ ಮೈ ಹಗುರಾಯಿತು. ಅಕ್ಕ ಎತ್ತಿದ ಕೈಯನ್ನು ಇಳಿಸದೆ ನಡೆದು ಬಂದಳು, ಆಕಾರವಾಗಿ, ಅಕ್ಕನಾಗಿ, ಮುರಿದ ಹಲ್ಲಿನ ನಗುವಾಗಿ. ಅವನ ಅಂಗೈ ಬಿಡಿಸಿ ಅದರಲ್ಲಿ ಏನನ್ನೋ ಇಟ್ಟು ಬೆರಳುಗಳನ್ನು ಮಡಿಚಿದಳು.

"ನಾಳೆ ಬೆಳಿಗ್ಗೆ ನಾನೂ ಬರ್ತೀನಿ ಆಸ್ಪತ್ರೆಗೆ," ಎಂದಳು. "ಈ ಸಲ ಹಸಿರೇ ಇತ್ತು ಕಣೋ, ಗೂಬೆ."